ವೇಗಕ್ಕೊಂದು ಜಾಗ, ಗೆಲುವಿಗೊಂದು ಕಾಲ

ಬೈಕು, ಕಾರು ಅಂದರೆ ನೀನು ಊಟ ಬಿಡುತ್ತೀಯ. ಮೊದಲ ಕೆಲಸ ಕೈಕೊಟ್ಟಿತೆಂದು ಕುಗ್ಗಿಯೂ ಹೋಗಿದ್ದೀಯ. ಎರಡಕ್ಕೂ ಸೇರಿಸಿ ಹಾಲಿವುಡ್ ನಟ ಪಾಲ್ ನ್ಯೂಮನ್‌ನ ಬದುಕನ್ನು ಹೇಳುತ್ತೇನೆ, ಕೇಳು.

1954ರಲ್ಲಿ ಬಂದ ಅವನ ಮೊದಲ ಚಿತ್ರ ‘ದಿ ಸಿಲ್ವರ್ ಚಾಲಿಸ್’ ನೆಲಕಚ್ಚಿತು. ಎಷ್ಟೋ ವರ್ಷಗಳ ಮೇಲೆ ಅದು ಟಿವಿಗೆ ಬಂದಾಗ ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿ ನೋಡುಗರ ಕ್ಷಮೆ ಕೇಳಿದ. ಅಷ್ಟು ನಾಚಿಕೆಯಾಗಿತ್ತು ಅವನಿಗೆ. ‘ಈಸ್ಟ್ ಆಫ್ ಈಡನ್’ ಚಿತ್ರದ ಆಯ್ಕೆಗೆಂದು ನಟ ಜೇಮ್ಸ್ ಡೀನ್ ಜೊತೆ ಕ್ಯಾಮೆರಾ ಮುಂದೆ ನಿಂತಿದ್ದ. ಡೀನ್ ಆಯ್ಕೆಯಾದ, ಇವನಾಗಲಿಲ್ಲ. ಹಾಗೆಂದು ನಟನೆ ಬಿಡಲಿಲ್ಲ. ಬ್ರಾಡ್‌ವೇ ರಂಗಭೂಮಿಗೆ ಮರಳಿ ದುಡಿದ.

ಡೀನ್ ಅದೊಂದೇ ಚಿತ್ರದಿಂದ ಮನೆಮಾತಾದ. ಅವನಿಗೂ ಕಾರಿನ ಹುಚ್ಚು. 1955ರ ಸೆಪ್ಟೆಂಬರ್ 30ರಂದು ಸಲೀನಾಸ್‌ನ ರೇಸಿಗೆಂದು ಹೊಸ ಪೋರ್ಷೆ ಸ್ಪೈಡರ್ ಹತ್ತಿದ. ದಾರಿಯಲ್ಲಿ ಪೊಲೀಸರು ತಡೆದು ಅತಿವೇಗಕ್ಕೆ ಚೀಟಿ ಹರಿದುಕೊಟ್ಟರು. ಅದೇ ಸಂಜೆ ಕ್ಯಾಲಿಫೋರ್ನಿಯಾದ ಚೊಲೇಮ್ ಬಳಿಯ ಕೂಡುರಸ್ತೆಯಲ್ಲಿ ಎದುರಿನ ಕಾರೊಂದು ಅಡ್ಡ ತಿರುಗಿತು. ಡಿಕ್ಕಿಯಲ್ಲಿ ಡೀನ್ ಸತ್ತ. ಅವನಿಗಾಗ ಬರೀ 24 ವರ್ಷ. ತಪ್ಪು ಯಾರದೆಂಬ ವಾದ ಏನೇ ಇರಲಿ, ರಸ್ತೆಯಲ್ಲಿ ಅಡ್ಡ ತಿರುಗುವವರು ಇದ್ದೇ ಇರುತ್ತಾರೆ. ನೀನೆಷ್ಟು ಚೆನ್ನಾಗಿ ಓಡಿಸಿದರೂ ಅವರ ಕೈ ನಿನ್ನ ಹಿಡಿತದಲ್ಲಿಲ್ಲ.

ಡೀನ್‌ಗೆಂದು ಇಟ್ಟಿದ್ದ ಬಾಕ್ಸರ್ ರಾಕಿ ಗ್ರಾಜಿಯಾನೊ ಪಾತ್ರ ನ್ಯೂಮನ್‌ಗೆ ಬಂತು. 1956ರ ಆ ಚಿತ್ರ ಅವನನ್ನು ತಾರೆಯಾಗಿಸಿತು. ಬಂದ ಪಾತ್ರವನ್ನು ಹೊರಲು ಅಷ್ಟು ದಿನದ ಅಭ್ಯಾಸ ಅವನ ಬೆನ್ನಿಗಿತ್ತು ಎಂಬುದನ್ನು ಮರೆಯಬೇಡ.

ಅವನಿಗೂ ವೇಗದ ರುಚಿ ಹತ್ತಿತು, ಆದರೆ ತಡವಾಗಿ. 1969ರ ‘ವಿನ್ನಿಂಗ್’ ಚಿತ್ರಕ್ಕಾಗಿ ರೇಸ್ ತರಬೇತಿ ಪಡೆದ. ತಾರೆಯೆಂಬ ಬಿಗುಮಾನ ಬಿಟ್ಟು ಶಿಷ್ಯನಾಗಿ ಕಲಿತ. ಟ್ರ್ಯಾಕಿನ ಸ್ಪರ್ಧೆಗೆ ಇಳಿದಾಗ 47 ವರ್ಷ. 1979ರಲ್ಲಿ ಲೆ ಮಾನ್‌ನ 24 ಗಂಟೆಗಳ ರೇಸಿನಲ್ಲಿ ಅವನ ತಂಡಕ್ಕೆ ಎರಡನೇ ಸ್ಥಾನ. 1995ರಲ್ಲಿ ಡೇಟೋನಾದ 24 ಗಂಟೆಗಳ ರೇಸಿನಲ್ಲಿ ತನ್ನ ವರ್ಗದಲ್ಲಿ ಗೆದ್ದ ತಂಡದಲ್ಲಿದ್ದಾಗ ಅವನಿಗೆ 70 ತುಂಬಿತ್ತು!

ಮಗೂ, ಮೊದಲ ಸೋಲನ್ನೇ ನಿನ್ನ ಬೆಲೆಯೆಂದು ತಿಳಿಯಬೇಡ. ಕೆಲಸ ಕಲಿಯುತ್ತಾ ಇರು. ವೇಗದ ಆಸೆಯನ್ನೂ ಕೊಲ್ಲಬೇಡ. ಕೊಯಮತ್ತೂರಿನಲ್ಲಿ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಯಲ್ಲಿ ರೇಸ್ ಟ್ರ್ಯಾಕುಗಳಿವೆ. ಹಣ ಕೂಡಿಸಿ, ಬಲ್ಲವರ ಬಳಿ ಪಾಠ ಹೇಳಿಸಿಕೊಂಡು ಅಲ್ಲಿ ಓಡಿಸು. ನಮ್ಮ ಊರಿನ ರಸ್ತೆಯಲ್ಲಿ ಮಾತ್ರ ಹೆಲ್ಮೆಟ್ ಹಾಕಿಕೊಂಡು, ಮಿತಿಯೊಳಗೆ ಹೋಗು. ನೀನು ಗೆಲ್ಲಬೇಕಾದ ರೇಸು ನಲವತ್ತೇಳಕ್ಕೂ ಬರಬಹುದು, ಎಪ್ಪತ್ತಕ್ಕೂ ಬರಬಹುದು. ಅದಕ್ಕೆ ಮೊದಲು ನೀನು ಬದುಕಿರಬೇಕು.