ಸ್ವಚ್ಛ ವಾಹಿನಿಯ ಎಂಜಿನ್ ಎಚ್ಚರಿಕೆ ದೀಪ: ಅರ್ಥ, ಕಾರಣ ಮತ್ತು ಕೈಗೊಳ್ಳಬೇಕಾದ ಕ್ರಮ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)

ಪೀಠಿಕೆ

ಗ್ರಾಮ ಪಂಚಾಯಿತಿಗಳು ಹೊಂದಿರುವ ಚರ ಆಸ್ತಿಗಳಲ್ಲಿ ಸ್ವಚ್ಛ ವಾಹಿನಿಯು ಪ್ರಮುಖವಾದುದು. ಮನೆಮನೆಯಿಂದ ಹಸಿ ಕಸ ಮತ್ತು ಒಣ ಕಸವನ್ನು ಸಂಗ್ರಹಿಸಿ ಸ್ವಚ್ಛ ಸಂಕೀರ್ಣಕ್ಕೆ ತಲುಪಿಸುವ ಈ ವಾಹನವು ಒಂದು ವಾರ ನಿಂತರೆ ಅದರ ಪರಿಣಾಮವು ಚರಂಡಿಯಲ್ಲಿ, ಶಾಲೆಯ ಕಾಂಪೌಂಡಿನ ಬದಿಯಲ್ಲಿ, ಕೆರೆಯ ಏರಿಯ ಮೇಲೆ ಕಾಣಿಸಿಕೊಳ್ಳುತ್ತದೆ. ಹಲವು ಪಂಚಾಯಿತಿಗಳಲ್ಲಿ ಈ ವಾಹನವನ್ನು ಚಲಾಯಿಸುತ್ತಿರುವವರು ಸ್ವಸಹಾಯ ಸಂಘಗಳಿಂದ ಬಂದು ಚಾಲನಾ ತರಬೇತಿ ಪಡೆದ ಮಹಿಳೆಯರು.

ವಾಹನವು ಹಠಾತ್ತನೆ ಕೆಟ್ಟು ನಿಲ್ಲುವುದು ಅಪರೂಪ. ಬಹುತೇಕ ಸಂದರ್ಭಗಳಲ್ಲಿ ಅದು ಮುಂಚಿತವಾಗಿಯೇ ಸೂಚನೆ ನೀಡಿರುತ್ತದೆ. ಚಾಲಕಿಯ ಮುಂದಿನ ಫಲಕದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪವೊಂದು ಹತ್ತಿಕೊಂಡಿರುತ್ತದೆ. "ಗಾಡಿ ಓಡುತ್ತಿದೆಯಲ್ಲಮ್ಮ, ದೀಪ ಉರಿದರೆ ಉರಿಯಲಿ ಬಿಡಿ" ಎಂಬ ಮಾತಿನಿಂದ ಆ ಸೂಚನೆಯು ಅಲ್ಲಿಗೇ ಮುಗಿದುಹೋಗುತ್ತದೆ. ಕೆಲವು ನೂರು ರೂಪಾಯಿಗಳಲ್ಲಿ ಸರಿಹೋಗಬಹುದಾಗಿದ್ದ ದೋಷವು ಮುಂದೆ ಸಾಮಾನ್ಯ ಸಭೆಯಲ್ಲಿ ದೊಡ್ಡ ಮೊತ್ತದ ದುರಸ್ತಿ ಬಿಲ್ಲಾಗಿ ಮಂಡನೆಯಾಗುತ್ತದೆ. ಆದ್ದರಿಂದ ಬಿಲ್ಲಿಗೆ ಅನುಮೋದನೆ ನೀಡುವ ಸದಸ್ಯರಿಗೆ ದೀಪದ ಅರ್ಥವೂ ತಿಳಿದಿರುವುದು ಅವಶ್ಯಕ.

1. ದೀಪದ ಹಿಂದಿರುವ ವ್ಯವಸ್ಥೆ

ಇಂದಿನ ವಾಹನಗಳಲ್ಲಿ ಎಂಜಿನ್ನಿಗೆ ಎಷ್ಟು ಇಂಧನ, ಎಷ್ಟು ಗಾಳಿ, ಯಾವ ಕ್ಷಣದಲ್ಲಿ ಹೋಗಬೇಕೆಂಬುದನ್ನು ಒಂದು ಚಿಕ್ಕ ಗಣಕವು ನಿರ್ಧರಿಸುತ್ತದೆ. ಇದನ್ನು ಮೆಕ್ಯಾನಿಕ್‌ಗಳು 'ಇಸಿಯು' ಎಂದು ಕರೆಯುತ್ತಾರೆ. ಎಂಜಿನ್ನಿನ ಉಷ್ಣತೆ, ಒಳಸೇರುವ ಗಾಳಿಯ ಪ್ರಮಾಣ, ಇಂಧನದ ಒತ್ತಡ, ಹೊಗೆಯಲ್ಲಿರುವ ಆಮ್ಲಜನಕ ಮುಂತಾದವುಗಳನ್ನು ಅಳೆಯುವ ಸೆನ್ಸರ್‌ಗಳು ಈ ಗಣಕಕ್ಕೆ ನಿರಂತರವಾಗಿ ಮಾಹಿತಿ ಕಳುಹಿಸುತ್ತವೆ. ಯಾವುದಾದರೊಂದು ಅಳತೆಯು ಮಿತಿಯನ್ನು ಮೀರಿದರೆ ಗಣಕವು ಆ ದೋಷಕ್ಕೆ ನಿಗದಿಯಾದ ಸಂಕೇತವನ್ನು ತನ್ನ ನೆನಪಿನಲ್ಲಿ ದಾಖಲಿಸಿ ದೀಪವನ್ನು ಹೊತ್ತಿಸುತ್ತದೆ.

ಈ ವ್ಯವಸ್ಥೆಯ ಮೂಲ ಉದ್ದೇಶ ವಾಯುಮಾಲಿನ್ಯ ನಿಯಂತ್ರಣ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು ಇದನ್ನು ಮೊದಲು ಕಡ್ಡಾಯಗೊಳಿಸಿತು. 1996ರ ಮಾದರಿಯಿಂದ ಅಮೆರಿಕದ ಎಲ್ಲ ಕಾರುಗಳಿಗೂ ಏಕರೂಪದ 'ಒಬಿಡಿ 2' ವ್ಯವಸ್ಥೆ ಬಂದಿತು. ಭಾರತವು 2020ರ ಏಪ್ರಿಲ್ 1ರಂದು ಬಿಎಸ್ 4 ಮಾನದಂಡದಿಂದ ನೇರವಾಗಿ ಬಿಎಸ್ 6ಕ್ಕೆ ಸಾಗಿದ ನಂತರ ಹೊಗೆ ಶುದ್ಧೀಕರಣದ ಉಪಕರಣಗಳೂ ಅವುಗಳ ಮೇಲೆ ನಿಗಾ ಇಡುವ ಸೆನ್ಸರ್‌ಗಳೂ ಹೆಚ್ಚಿದವು. ಹಳೆಯ ವಾಹನಗಳಿಗಿಂತ ಹೊಸ ವಾಹನಗಳಲ್ಲಿ ಈ ದೀಪ ಹೆಚ್ಚಾಗಿ ಕಾಣಿಸಿಕೊಳ್ಳಲು ಇದೇ ಕಾರಣ. ಹೊಸ ವಾಹನ ಕಳಪೆ ಎಂಬ ತೀರ್ಮಾನಕ್ಕೆ ಬರುವ ಅಗತ್ಯವಿಲ್ಲ.

ಕೀಲಿಯನ್ನು ತಿರುಗಿಸಿದಾಗ, ಎಂಜಿನ್ ಆರಂಭವಾಗುವ ಮೊದಲು ಈ ದೀಪ ಹೊತ್ತಿಕೊಳ್ಳಬೇಕು. ಎಂಜಿನ್ ಆರಂಭವಾದ ಬಳಿಕ ಆರಬೇಕು. ಕೀಲಿ ತಿರುಗಿಸಿದಾಗಲೂ ಹೊತ್ತದಿದ್ದರೆ ದೀಪವೇ ಕೆಟ್ಟಿರಬಹುದು ಅಥವಾ ಯಾರಾದರೂ ಅದರ ಸಂಪರ್ಕವನ್ನು ಕಿತ್ತಿರಬಹುದು. ಇದನ್ನೂ ದೋಷವೆಂದೇ ಪರಿಗಣಿಸಬೇಕು.

2. ಬಣ್ಣ ಮತ್ತು ವರ್ತನೆಯ ಭೇದ

ಎಲ್ಲ ದೀಪಗಳೂ ಒಂದೇ ತೀವ್ರತೆಯವಲ್ಲ. ಚಾಲಕಿಯೂ ಪಂಚಾಯಿತಿಯೂ ಮೂರು ಸ್ಥಿತಿಗಳನ್ನು ಗುರುತಿಸಬೇಕು.

(ಅ) ಕೆಂಪು ದೀಪ: ಎಂಜಿನ್ ಆಯಿಲ್ ಒತ್ತಡ ಅಥವಾ ಎಂಜಿನ್ ಉಷ್ಣತೆಯ ಕೆಂಪು ದೀಪ ಹೊತ್ತಿದರೆ ವಾಹನವನ್ನು ಸುರಕ್ಷಿತ ಸ್ಥಳದಲ್ಲಿ ತಕ್ಷಣ ನಿಲ್ಲಿಸಿ ಎಂಜಿನ್ ಬಂದ್ ಮಾಡಬೇಕು. ಆಯಿಲ್ ಒತ್ತಡವಿಲ್ಲದೆ ಕೆಲವೇ ನಿಮಿಷ ಓಡಿದರೂ ಎಂಜಿನ್ನಿನ ಒಳಭಾಗಗಳು ಸವೆದು ಹಿಡಿದುಕೊಳ್ಳಬಹುದು. ಎಂಜಿನ್ ಬಿಸಿಯಾಗಿರುವಾಗ ರೇಡಿಯೇಟರಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

(ಆ) ಮಿನುಗುವ ಹಳದಿ ಎಂಜಿನ್ ದೀಪ: ಪೆಟ್ರೋಲ್ ಮತ್ತು ಸಿಎನ್‌ಜಿ ವಾಹನಗಳಲ್ಲಿ ಇದು ಸಾಮಾನ್ಯವಾಗಿ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲವೆಂಬುದರ ಸೂಚನೆ. ಉರಿಯದ ಇಂಧನವು ಸೈಲೆನ್ಸರ್ ಮಾರ್ಗದಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಸೇರಿ ಅಲ್ಲಿ ಉರಿದು ಅದನ್ನು ಹಾಳುಮಾಡುತ್ತದೆ. ವೇಗವನ್ನೂ ಭಾರವನ್ನೂ ತಗ್ಗಿಸಿ, ಸಾಧ್ಯವಾದಷ್ಟು ಬೇಗ ವಾಹನವನ್ನು ನಿಲ್ಲಿಸಿ ದುರಸ್ತಿಗೆ ಕಳುಹಿಸಬೇಕು.

(ಇ) ಸ್ಥಿರವಾಗಿ ಉರಿಯುವ ಹಳದಿ ಎಂಜಿನ್ ದೀಪ: ದೋಷವಿದೆ, ಆದರೆ ವಾಹನದ ಎಳೆತ, ಶಬ್ದ, ಹೊಗೆ ಮತ್ತು ಉಷ್ಣತೆ ಸಹಜವಾಗಿದ್ದರೆ ಅಂದಿನ ಸುತ್ತನ್ನು ಮುಗಿಸಬಹುದು. ಕೆಲವು ದಿನಗಳೊಳಗೆ ಪರೀಕ್ಷೆ ಮಾಡಿಸಲೇಬೇಕು. ಎಳೆತ ಕುಗ್ಗಿದ್ದರೆ ಗಣಕವು ಎಂಜಿನ್ನನ್ನು ಕಾಪಾಡಲು ತಾನಾಗಿಯೇ ಶಕ್ತಿಯನ್ನು ತಗ್ಗಿಸಿದೆಯೆಂದು ತಿಳಿಯಬೇಕು. ಆಗ ಕಸ ತುಂಬಿಕೊಂಡು ಏರು ಹತ್ತಿಸುವುದು ತರವಲ್ಲ.

3. ಸ್ಥಳದಲ್ಲಿಯೇ ನೋಡಬಹುದಾದ ಅಂಶಗಳು

ಮೆಕ್ಯಾನಿಕ್‌ನ ಬಳಿಗೆ ಹೋಗುವ ಮುನ್ನ ಈ ಕೆಳಗಿನವುಗಳನ್ನು ಚಾಲಕಿಯೇ ಪರಿಶೀಲಿಸಬಹುದು. ಎಂಜಿನ್ ತಣ್ಣಗಿರಬೇಕು, ವಾಹನ ಸಮತಟ್ಟಾದ ಜಾಗದಲ್ಲಿರಬೇಕು.

– ಎಂಜಿನ್ ಆಯಿಲ್ ಮಟ್ಟವು ಅಳತೆ ಕಡ್ಡಿಯ ಎರಡು ಗುರುತುಗಳ ನಡುವೆ ಇರಬೇಕು. ಮೇಲಿನ ಗುರುತನ್ನು ದಾಟಿದ್ದರೆ ಅದೂ ಅಪಾಯವೇ.

– ಕೂಲೆಂಟ್ ಡಬ್ಬಿಯ ಮಟ್ಟವು ಕನಿಷ್ಠ ಗೆರೆಗಿಂತ ಕೆಳಗಿಳಿದಿರಬಾರದು.

– ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿಕೊಂಡಿರಬಾರದು. ಮಣ್ಣುರಸ್ತೆಯಲ್ಲಿ ಸಂಚರಿಸುವ ವಾಹನಕ್ಕೆ ಪಟ್ಟಣದ ವಾಹನಕ್ಕಿಂತ ಬೇಗನೆ ಫಿಲ್ಟರ್ ಬದಲಾವಣೆ ಬೇಕಾಗುತ್ತದೆ.

– ಇಂಧನ ಟ್ಯಾಂಕಿನ ಮುಚ್ಚಳ ಬಿಗಿಯಾಗಿರಬೇಕು. ಕೆಲವು ಪೆಟ್ರೋಲ್ ಮಾದರಿಗಳಲ್ಲಿ ಮುಚ್ಚಳ ಸಡಿಲವಾದರೂ ಆವಿ ಸೋರಿಕೆಯೆಂದು ದೀಪ ಹೊತ್ತುತ್ತದೆ.

– ವೈರುಗಳನ್ನು ಇಲಿ ಕಡಿದಿದೆಯೇ ಎಂದು ನೋಡಬೇಕು. ಕಸ ವಿಲೇವಾರಿ ಘಟಕದ ಆವರಣದಲ್ಲಿಯೇ ರಾತ್ರಿ ನಿಲ್ಲುವ ವಾಹನಗಳಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ.

– ವಾಹನ ತೊಳೆದ ಮರುದಿನವೇ ದೀಪ ಹೊತ್ತಿದೆಯೇ ಎಂಬುದನ್ನು ನೆನಪಿಸಿಕೊಳ್ಳಬೇಕು. ಪೈಪಿನ ರಭಸದ ನೀರನ್ನು ಎಂಜಿನ್ ಭಾಗಕ್ಕೆ ಹಾಯಿಸಿದರೆ ಸೆನ್ಸರ್‌ಗಳ ಕೂಡುಗೂಟಗಳಲ್ಲಿ ನೀರು ಸೇರುತ್ತದೆ. ಕಸದ ತೊಟ್ಟಿಯನ್ನು ತೊಳೆಯಬೇಕು, ಎಂಜಿನ್ನನ್ನಲ್ಲ.

4. ದೋಷ ಸಂಕೇತವನ್ನು ಓದುವ ಬಗೆ

ಮೇಲಿನವುಗಳಲ್ಲಿ ಕಾರಣ ಸಿಗದಿದ್ದರೆ ಸ್ಕ್ಯಾನರ್ ಉಪಕರಣದಿಂದ ಸಂಕೇತವನ್ನು ಓದಿಸಬೇಕು. ಕಾರು ಮತ್ತು ಲಘು ವಾಹನಗಳಲ್ಲಿ ಸಾಮಾನ್ಯವಾಗಿ ಸ್ಟಿಯರಿಂಗಿನ ಕೆಳಭಾಗದಲ್ಲಿ 16 ಪಿನ್ನುಗಳ ಒಂದು ಕಿಂಡಿ ಇದಕ್ಕಾಗಿಯೇ ಇರುತ್ತದೆ. ಸಂಕೇತವು ಒಂದು ಅಕ್ಷರ ಮತ್ತು ನಾಲ್ಕು ಸ್ಥಾನಗಳಿಂದ ಕೂಡಿರುತ್ತದೆ. ಕೆಲವು ಉದಾಹರಣೆಗಳು:

ಪಿ 0101: ಒಳಬರುವ ಗಾಳಿಯ ಅಳತೆ ಸರಿಹೊಂದುತ್ತಿಲ್ಲ.
ಪಿ 0087: ಇಂಧನ ಕೊಳವೆಯಲ್ಲಿ ಒತ್ತಡ ಕಡಿಮೆಯಿದೆ.
ಪಿ 0301: ಒಂದನೇ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ.
ಪಿ 0401: ಹೊಗೆ ಮರುಬಳಕೆಯ ಹರಿವು ಸಾಲದು.
ಪಿ 0420: ಕ್ಯಾಟಲಿಟಿಕ್ ಕನ್ವರ್ಟರಿನ ದಕ್ಷತೆ ಕುಗ್ಗಿದೆ.

ಇಲ್ಲಿ ಒಂದು ಮುಖ್ಯ ವಿಷಯವನ್ನು ಗಮನಿಸಬೇಕು. ಸಂಕೇತವು ರೋಗಲಕ್ಷಣವನ್ನು ಹೇಳುತ್ತದೆಯೇ ಹೊರತು ಬದಲಾಯಿಸಬೇಕಾದ ಬಿಡಿಭಾಗವನ್ನಲ್ಲ. 'ಪಿ 0101' ಬಂದ ಮಾತ್ರಕ್ಕೆ ಗಾಳಿಯ ಸೆನ್ಸರ್ ಕೆಟ್ಟಿದೆಯೆಂದು ಅರ್ಥವಲ್ಲ. ಫಿಲ್ಟರ್ ಕಟ್ಟಿರಬಹುದು, ಗಾಳಿಯ ಹೋಸ್ ಸೀಳಿರಬಹುದು, ವೈರ್ ಸಡಿಲವಾಗಿರಬಹುದು. ಇವುಗಳನ್ನು ನೋಡದೆ ಸೆನ್ಸರ್ ಬದಲಾಯಿಸಿದರೆ ಹಣ ವ್ಯಯವಾಗುತ್ತದೆ, ದೀಪ ಮತ್ತೆ ಹೊತ್ತುತ್ತದೆ. ಆದ್ದರಿಂದ ದುರಸ್ತಿ ಅಂದಾಜಿನೊಂದಿಗೆ ಸಂಕೇತವನ್ನೂ, ಭಾಗವು ಕೆಟ್ಟಿದೆಯೆಂದು ಯಾವ ಪರೀಕ್ಷೆಯಿಂದ ಖಚಿತವಾಯಿತೆಂಬುದನ್ನೂ ಬರೆದುಕೊಡುವಂತೆ ಕೇಳುವುದು ಪಂಚಾಯಿತಿಯ ಹಕ್ಕು.

5. ಡೀಸೆಲ್ ವಾಹನ ಮತ್ತು ಮಸಿ ಶೋಧಕ

ಬಿಎಸ್ 6 ಡೀಸೆಲ್ ವಾಹನಗಳಲ್ಲಿ ಸಾಮಾನ್ಯವಾಗಿ ಹೊಗೆಯ ಮಸಿಯನ್ನು ತಡೆಹಿಡಿಯುವ ಶೋಧಕವೊಂದು ಇರುತ್ತದೆ. ಮೆಕ್ಯಾನಿಕ್‌ಗಳು ಇದನ್ನು 'ಡಿಪಿಎಫ್' ಎನ್ನುತ್ತಾರೆ. ಸಂಗ್ರಹವಾದ ಮಸಿಯನ್ನು ಆಗಾಗ ಸುಟ್ಟು ಶೋಧಕವನ್ನು ಶುದ್ಧಗೊಳಿಸಬೇಕಾಗುತ್ತದೆ. ಇದಕ್ಕೆ ಶೋಧಕದ ಉಷ್ಣತೆಯು ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಬೇಕು. ವಾಹನವು ಹೆದ್ದಾರಿಯಲ್ಲಿ ಸ್ಥಿರ ವೇಗದಲ್ಲಿ ಸಾಗುವಾಗ ಈ ಕಾರ್ಯ ಸುಲಭವಾಗಿ ನಡೆಯುತ್ತದೆ.

ಸ್ವಚ್ಛ ವಾಹಿನಿಯ ಕೆಲಸವು ಇದಕ್ಕೆ ತದ್ವಿರುದ್ಧವಾದುದು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತ, ಒಂದನೇ ಎರಡನೇ ಗೇರಿನಲ್ಲಿ ಓಣಿಗಳನ್ನು ಸುತ್ತುವ ವಾಹನದ ಶೋಧಕವು ಬಿಸಿಯೇರುವುದಿಲ್ಲ. ಮಸಿ ತುಂಬುತ್ತ ಹೋಗಿ ಮೊದಲು ಶೋಧಕದ ದೀಪ, ನಂತರ ಎಂಜಿನ್ ದೀಪ ಹೊತ್ತುತ್ತದೆ, ಕೊನೆಗೆ ಎಳೆತ ಕುಗ್ಗುತ್ತದೆ. ಇದು ಚಾಲಕಿಯ ಅಜಾಗರೂಕತೆಯಲ್ಲ; ಕೆಲಸದ ಸ್ವರೂಪದಿಂದ ಬರುವ ದೋಷ.

ಇದಕ್ಕೆ ಪರಿಹಾರ ಸರಳ. ಶೋಧಕದ ದೀಪ ಮಾತ್ರ ಹೊತ್ತಿರುವಾಗ, ವಾಹನದ ಕೈಪಿಡಿಯಲ್ಲಿ ಹೇಳಿದ ರೀತಿಯಲ್ಲಿ ಮುಖ್ಯರಸ್ತೆಯಲ್ಲಿ ಸ್ಥಿರ ವೇಗದಿಂದ ಓಡಿಸಬೇಕು. ಸಾಮಾನ್ಯವಾಗಿ 15ರಿಂದ 20 ನಿಮಿಷ ಬೇಕಾಗುತ್ತದೆ. ಈ ಓಟವನ್ನು ಲಾಗ್ ಪುಸ್ತಕದಲ್ಲಿ 'ಶೋಧಕ ಶುದ್ಧೀಕರಣ' ಎಂದು ನಮೂದಿಸಬೇಕು. ಹಾಗೆ ನಮೂದಿಸದಿದ್ದರೆ ಮುಂದೆ ಅದೇ ಓಟವು ಡೀಸೆಲ್ ದುರುಪಯೋಗವೆಂಬ ಆಕ್ಷೇಪಣೆಗೆ ಗುರಿಯಾಗಿ, ಚಾಲಕಿಯು ಉತ್ತರಿಸಬೇಕಾದೀತು. ಎಂಜಿನ್ ದೀಪವೂ ಹೊತ್ತಿ ಎಳೆತ ಕುಗ್ಗಿದ್ದರೆ ಈ ಪ್ರಯತ್ನ ಬೇಡ. ಸೇವಾ ಕೇಂದ್ರದಲ್ಲಿಯೇ ಶುದ್ಧೀಕರಣ ಮಾಡಿಸಬೇಕು.

ಮೂರು ಎಚ್ಚರಿಕೆಗಳು ಅವಶ್ಯಕ. ಮೊದಲನೆಯದಾಗಿ, ಶುದ್ಧೀಕರಣ ನಡೆಯುವಾಗಲೂ ಅದರ ತರುವಾಯವೂ ವಾಹನದ ಅಡಿಭಾಗ ತೀವ್ರವಾಗಿ ಕಾದಿರುತ್ತದೆ. ಒಣಹುಲ್ಲು, ಕಾಗದ, ಪ್ಲಾಸ್ಟಿಕ್ ರಾಶಿಯ ಮೇಲೆ ವಾಹನ ನಿಲ್ಲಿಸಿದರೆ ಬೆಂಕಿ ಹತ್ತಬಹುದು. ಸ್ವಚ್ಛ ಸಂಕೀರ್ಣದ ಒಣ ಕಸದ ಅಂಗಳವು ಇದಕ್ಕೆ ಅತ್ಯಂತ ಅಪಾಯಕಾರಿ ಸ್ಥಳ. ಎರಡನೆಯದಾಗಿ, ಶುದ್ಧೀಕರಣವನ್ನು ಪದೇಪದೇ ಅರ್ಧಕ್ಕೆ ನಿಲ್ಲಿಸಿದರೆ ಹೆಚ್ಚುವರಿ ಡೀಸೆಲ್ ಎಂಜಿನ್ ಆಯಿಲಿಗೆ ಇಳಿದು ಅದನ್ನು ತೆಳುಗೊಳಿಸುತ್ತದೆ. ಅಳತೆ ಕಡ್ಡಿಯಲ್ಲಿ ಮಟ್ಟ ಏರಿ ಕಾಣುವುದು ಇದರ ಗುರುತು. ಮೂರನೆಯದಾಗಿ, ಕೈಪಿಡಿಯಲ್ಲಿ ಸೂಚಿಸಿದ ದರ್ಜೆಯ ಆಯಿಲನ್ನೇ ಖರೀದಿಸಬೇಕು. ಅನ್ಯ ದರ್ಜೆಯ ಆಯಿಲ್ ಉರಿದಾಗ ಬೂದಿ ಹೆಚ್ಚುತ್ತದೆ. ಮಸಿಯನ್ನು ಸುಡಬಹುದು, ಬೂದಿಯನ್ನು ಸುಡಲಾಗದು. ದರಪಟ್ಟಿಯಲ್ಲಿ ಅಗ್ಗವೆಂದು ಕಂಡ ಆಯಿಲ್ ಶೋಧಕದ ಬದಲಾವಣೆಗೆ ಕಾರಣವಾಗಬಹುದು.

6. ಮಾಡಬಾರದ ಕಾರ್ಯಗಳು

ಬ್ಯಾಟರಿಯ ತಂತಿಯನ್ನು ಕಳಚಿ ಮತ್ತೆ ಜೋಡಿಸಿ ದೀಪ ಆರಿಸುವುದು ಕೆಲವೆಡೆ ರೂಢಿಯಲ್ಲಿದೆ. ಇದರಿಂದ ದೋಷ ಹೋಗುವುದಿಲ್ಲ. ಗಣಕದಲ್ಲಿರುವ ದಾಖಲೆ ಮಾತ್ರ ಅಳಿಸಿಹೋಗಿ ಮೆಕ್ಯಾನಿಕ್‌ಗೆ ಸುಳಿವೇ ಇಲ್ಲದಂತಾಗುತ್ತದೆ. ದೋಷವು ನಿಜವಾಗಿ ಸರಿಯಾದರೆ ಗಣಕವು ಸಾಮಾನ್ಯವಾಗಿ ಸತತ ಮೂರು ದೋಷರಹಿತ ಓಟಗಳ ನಂತರ ದೀಪವನ್ನು ತಾನೇ ಆರಿಸುತ್ತದೆ. ದೀಪವನ್ನು ಟೇಪ್ ಅಂಟಿಸಿ ಮುಚ್ಚುವುದು, ಮಸಿ ಶೋಧಕವನ್ನು ಕಿತ್ತುಹಾಕಿಸುವುದು ಇವೆರಡೂ ಸಲ್ಲದು. ಶೋಧಕವಿಲ್ಲದ ವಾಹನವು ಓಣಿಯ ಮಕ್ಕಳ ಮುಂದೆಯೇ ಮಸಿ ಉಗುಳುತ್ತ ಸಾಗುತ್ತದೆ, ವಾರಂಟಿಯೂ ಕೈತಪ್ಪುತ್ತದೆ.

7. ಗ್ರಾಮ ಪಂಚಾಯಿತಿಯ ಹೊಣೆ

ಚಾಲಕಿಯು ದೀಪವನ್ನು ನೋಡಿಯೂ ಸುಮ್ಮನಿರುವುದಕ್ಕೆ ಅಜ್ಞಾನಕ್ಕಿಂತ ಅಂಜಿಕೆಯೇ ಹೆಚ್ಚು ಕಾರಣ. ವಾಹನ ನಿಲ್ಲಿಸಿದರೆ "ಕಸ ಯಾಕೆ ಎತ್ತಲಿಲ್ಲ" ಎಂದು ಓಣಿಯವರು ಕೇಳುತ್ತಾರೆ. ಓಡಿಸಿ ಕೆಟ್ಟರೆ "ಗಾಡಿ ಕೆಡಿಸಿದಳು" ಎಂಬ ಮಾತು ಬರುತ್ತದೆ. ಈ ಇಕ್ಕಟ್ಟಿನಿಂದ ಅವರನ್ನು ಬಿಡಿಸುವುದು ಸದಸ್ಯರ ಕೈಯಲ್ಲಿದೆ. ಇದಕ್ಕಾಗಿ ಸಾಮಾನ್ಯ ಸಭೆಯಲ್ಲಿ ಈ ಕೆಳಗಿನ ಅಂಶಗಳನ್ನು ಚರ್ಚಿಸಿ ನಿರ್ಣಯ ಕೈಗೊಳ್ಳುವುದು ಸೂಕ್ತ.

(1) ಕೆಂಪು ಅಥವಾ ಮಿನುಗುವ ದೀಪ ಕಂಡಲ್ಲಿ ಯಾರ ಅನುಮತಿಗೂ ಕಾಯದೆ ವಾಹನ ನಿಲ್ಲಿಸುವ ಅಧಿಕಾರ ಚಾಲಕಿಗೆ ಇರತಕ್ಕದ್ದು.

(2) ದೀಪ ಹೊತ್ತಿದ ದಿನಾಂಕ, ಓಡಿದ ಕಿಲೋಮೀಟರ್, ಕಂಡ ಲಕ್ಷಣ, ಓದಿದ ಸಂಕೇತ, ಕೈಗೊಂಡ ಕ್ರಮ ಇವುಗಳಿಗೆ ಲಾಗ್ ಪುಸ್ತಕದಲ್ಲಿ ಪ್ರತ್ಯೇಕ ಅಂಕಣ ಇರತಕ್ಕದ್ದು.

(3) ವಾರಂಟಿ ಅವಧಿಯಲ್ಲಿ ಅಧಿಕೃತ ಸೇವಾ ಕೇಂದ್ರದಲ್ಲಿಯೇ ದುರಸ್ತಿ ಮಾಡಿಸತಕ್ಕದ್ದು. ಬದಲಾಯಿಸಿದ ಹಳೆಯ ಭಾಗವನ್ನು ಪಂಚಾಯಿತಿಗೆ ಹಿಂದಿರುಗಿಸಿಕೊಳ್ಳತಕ್ಕದ್ದು.

(4) ವಾಹನ ನಿಂತ ದಿನಗಳಿಗೆ ಬದಲಿ ವ್ಯವಸ್ಥೆಯನ್ನು ಮೊದಲೇ ಗೊತ್ತುಪಡಿಸತಕ್ಕದ್ದು. ಒಣ ಕಸ ಮನೆಯಲ್ಲಿ ಕೆಲವು ದಿನ ಕಾಯಬಲ್ಲದು, ಹಸಿ ಕಸ ಕಾಯದು. ಆದುದರಿಂದ ಮನೆಯಂಗಳದ ಗೊಬ್ಬರ ಗುಂಡಿಗಳನ್ನು ಉತ್ತೇಜಿಸುವುದೂ, ನೆರೆಯ ಪಂಚಾಯಿತಿಯೊಂದಿಗೆ ವಾಹನದ ಪರಸ್ಪರ ನೆರವಿನ ಏರ್ಪಾಡು ಮಾಡಿಕೊಳ್ಳುವುದೂ ಪ್ರಯೋಜನಕಾರಿ.

ಪುನರಾವಲೋಕನ ಪ್ರಶ್ನೆಗಳು

1. ತಮ್ಮ ಪಂಚಾಯಿತಿಯ ವಾಹನದ ಕೀಲಿ ತಿರುಗಿಸಿದಾಗ ಎಂಜಿನ್ ದೀಪ ಹೊತ್ತಿ, ಎಂಜಿನ್ ಆರಂಭವಾದಾಗ ಆರುತ್ತದೆಯೇ?
2. ವಾಹನದ ಕೈಪಿಡಿ ಎಲ್ಲಿದೆ? ಚಾಲಕಿಗೆ ಅದರ ಅಗತ್ಯ ಭಾಗಗಳನ್ನು ಕನ್ನಡದಲ್ಲಿ ವಿವರಿಸಲಾಗಿದೆಯೇ?
3. ಕಳೆದ ದುರಸ್ತಿ ಬಿಲ್ಲಿನಲ್ಲಿ ದೋಷ ಸಂಕೇತ ನಮೂದಾಗಿದೆಯೇ?
4. ವಾಹನವು ರಾತ್ರಿ ನಿಲ್ಲುವ ಜಾಗದ ಕೆಳಗೆ ಬೆಂಕಿ ಹತ್ತುವಂಥ ವಸ್ತುಗಳಿವೆಯೇ?
5. ದೀಪ ಹೊತ್ತಿದೆಯೆಂದು ಚಾಲಕಿಯು ಯಾರಿಗೆ, ಹೇಗೆ ತಿಳಿಸಬೇಕೆಂಬುದು ನಿಗದಿಯಾಗಿದೆಯೇ?

ಮುಂದಿನ ಸಭೆಗೆ ಮುನ್ನ ಸದಸ್ಯರು ಚಾಲಕಿಯ ಜೊತೆಯಲ್ಲಿ ವಾಹನದ ಬಳಿ ನಿಂತು ಈ ಐದು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳತಕ್ಕದ್ದು. ಇದಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಸಮಯ ಬೇಕಾಗದು.