ಸಂಪಿಗೆಯ ಬುಡ ಬಿಡಿಸಿ

ಪ್ರಶ್ನೆ: ನಮ್ಮತ್ತೆ 20 ವರ್ಷದ ಹಿಂದೆ ಅಂಗಳದಲ್ಲಿ ನೆಟ್ಟ ಸಂಪಿಗೆ ಮರ ಸೊರಗುತ್ತಿದೆ. ಚಿಗುರೆಲ್ಲ ಹಳದಿ, ತುದಿಯ ರೆಂಬೆಗಳು ಒಣಗುತ್ತಿವೆ. ಹೋದ ವರ್ಷ ಅಂಗಳಕ್ಕೆ ಕಾಂಕ್ರೀಟ್ ಹಾಕಿಸಿ, ಬುಡಕ್ಕೆ ಮಣ್ಣೇರಿಸಿ ಕಟ್ಟೆ ಕಟ್ಟಿಸಿದ್ದೆವು. ಯೂರಿಯಾ ಹಾಕಿದರೂ ಚೇತರಿಸಲಿಲ್ಲ. ಯಜಮಾನರು ಕಡಿಸಿಬಿಡೋಣ ಅನ್ನುತ್ತಾರೆ. ಅತ್ತೆ ಮಾತೇ ಆಡುತ್ತಿಲ್ಲ. ಏನು ಮಾಡಲಿ?
— ಓದುಗರೊಬ್ಬರು, ಮೈಸೂರು

ಉತ್ತರ: ಕಡಿಸುವ ಮಾತು ಸದ್ಯಕ್ಕೆ ಬೇಡ. ಒಣಗಿದಂತಿರುವ ರೆಂಬೆಯ ತೊಗಟೆಯನ್ನು ತುದಿಯಿಂದ ಕೆಳಕ್ಕೆ ಅಲ್ಲಲ್ಲಿ ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರು ಕಂಡಲ್ಲಿ ಜೀವವಿದೆ. ಕಾಂಡದ ತೊಗಟೆಯೇ ಸುತ್ತಲೂ ಕಂದಾಗಿ ಒಣಗಿದ್ದರೆ ಮಾತ್ರ ಆಸೆ ಬಿಡಬೇಕಾಗುತ್ತದೆ.

ಕಾರಣ ನಿಮ್ಮ ಪತ್ರದಲ್ಲೇ ಇದೆ. ನೀರು, ಸಾರ ಹೀರುವ ಸಣ್ಣ ಬೇರುಗಳು ಬಹುಪಾಲು ಮೇಲಿನ ಒಂದೂವರೆ ಅಡಿ ಮಣ್ಣಿನಲ್ಲೇ ಇರುತ್ತವೆ. ಕೊಂಬೆಗಳ ನೆರಳು ದಾಟಿ ಹರಡಿರುತ್ತವೆ. ಅವೂ ಉಸಿರಾಡಬೇಕು. ಮೇಲೆ ಕಾಂಕ್ರೀಟ್ ಬಿದ್ದರೆ ಗಾಳಿಯೂ ಇಲ್ಲ, ಮಳೆನೀರೂ ಇಲ್ಲ. ಏರಿಸಿದ ಮಣ್ಣು ಕಾಂಡದ ತೊಗಟೆಯನ್ನು ಸದಾ ತೇವದಲ್ಲಿಟ್ಟು ಕೊಳೆಸುತ್ತದೆ. ಸಂಪಿಗೆಯ ಬೇರು ಮೆದು, ಇದನ್ನು ತಾಳುವುದಿಲ್ಲ.

ಚಿಗುರೆಲೆಯೊಂದನ್ನು ಬೆಳಕಿಗೆ ಹಿಡಿಯಿರಿ. ನರಗಳು ಹಸಿರಾಗಿದ್ದು ನಡುವೆ ಹಳದಿಯಿದ್ದರೆ ಕಬ್ಬಿಣದ ಕೊರತೆ. ಸಿಮೆಂಟಿನ ಸುಣ್ಣದಿಂದ, ಬೋರ್‌ವೆಲ್‌ನ ಗಡಸು ನೀರಿನಿಂದ ಮಣ್ಣು ಕ್ಷಾರವಾದರೆ ಕಬ್ಬಿಣ ಇದ್ದೂ ಬೇರಿಗೆ ಸಿಗುವುದಿಲ್ಲ. ಯೂರಿಯಾ ಇದಕ್ಕೆ ಮದ್ದಲ್ಲ. ನೊಂದ ಬೇರನ್ನು ಅದು ಇನ್ನಷ್ಟು ಸುಡುತ್ತದೆ, ದಯವಿಟ್ಟು ನಿಲ್ಲಿಸಿ.

ಮೇಸ್ತ್ರಿಯನ್ನು ಕರೆಸಿ ಕಟ್ಟೆ ಒಡೆಸಿ. ಕಾಂಡ ಅಗಲವಾಗಿ ಬೇರಾಗಿ ಇಳಿಯುವ ಜಾಗ ಕಾಣುವವರೆಗೆ ಏರಿಸಿದ ಮಣ್ಣನ್ನು ಕೈಯಿಂದಲೇ ಬಿಡಿಸಿ. ಹಾರೆ, ಗುದ್ದಲಿ ಬೇರಿಗೆ ತಾಗಬಾರದು. ಈ ಕೆಲಸಕ್ಕೆ ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊದಲಿನ ನೆಲಮಟ್ಟ ಎಲ್ಲಿತ್ತೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಾಂಕ್ರೀಟನ್ನು ಸುತ್ತ 4 ಅಡಿಯಾದರೂ ತೆಗೆಸಿ, ಹೆಚ್ಚಾದಷ್ಟೂ ಒಳ್ಳೆಯದು. ಸ್ಕೂಟರ್ ನಿಲ್ಲಿಸುವ ಜಾಗ ಕಡಿಮೆಯಾದರೆ ಆಗಲಿ.

ತೆರೆದ ನೆಲಕ್ಕೆ ಎರಡು ಬೆರಳು ದಪ್ಪ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಅದರ ಮೇಲೆ ತರಗೆಲೆ ಹರಡಿ. ಕಾಂಡದಿಂದ ಒಂದು ಗೇಣು ದೂರವಿರಲಿ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಆಳಕ್ಕಿಳಿಯುವಷ್ಟು ನೀರು ಕೊಡಿ. ದಿನಾ ಚಿಮುಕಿಸುವುದು ಬೇಡ. ತಾರಸಿಯ ಮಳೆನೀರು ಸಿಕ್ಕರೆ ಅದೇ ಉತ್ತಮ. ಚಿಗುರು ಆಮೇಲೂ ಹಳದಿಯಾಗಿಯೇ ಬಂದರೆ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ, ಕೈಗೆಟಕುವ ಎಲೆಗಳಿಗೆ ಸಂಜೆ ಹೊತ್ತು ಸಿಂಪಡಿಸಿ.

ಒಣ ರೆಂಬೆಗಳನ್ನು ಮಳೆಯಿಲ್ಲದ ದಿನ ಕತ್ತರಿಸಿ, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಒಂದು ಲೀಟರ್ ನೀರು; ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಕಲಸಿ, ಕಬ್ಬಿಣದ ಪಾತ್ರೆ ಬೇಡ.

ಬೇರು ಚೇತರಿಸಲು ಎರಡು ಮಳೆಗಾಲ ಬೇಕಾದೀತು. ಅಷ್ಟರೊಳಗೆ ಯಜಮಾನರು ಅವಸರಪಟ್ಟರೆ ಒಂದು ವಿಷಯ ತಿಳಿಸಿ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ, ಸ್ವಂತ ಅಂಗಳದ್ದಾದರೂ ಸಂಪಿಗೆಯನ್ನು ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು.