‘ನನ್ನ ಕೈಗುಣ ಸರಿಯಿಲ್ಲ’ ಎನ್ನುವ ಮುನ್ನ



ಎರಡೂವರೆ ತಿಂಗಳ ಹಿಂದೆ ತುರ್ತು ಕರೆಯ ಮೇಲೆ ಒಂದು ಊರಿಗೆ ಹೋಗಿದ್ದೆ. ಕೆಲಸ ಮುಗಿಸಿ ಬೈಕ್ ಹತ್ತುವಾಗ ಪಕ್ಕದ ಮನೆಯ ಸದಸ್ಯೆಯೊಬ್ಬರು ತಡೆದರು. ‘ಡಾಕ್ಟ್ರೇ, ಎರಡು ಹಸಾನೂ ಮಾರಿಬಿಡ್ತೀನಿ. ಯಾರಾದ್ರೂ ತಗೊಳ್ಳೋರಿದ್ರೆ ಹೇಳಿ. ನನ್ನ ಕೈಗುಣಾನೇ ಸರಿಯಿಲ್ಲ.’

ಎರಡೂ ಎಚ್‌ಎಫ್ ಮಿಶ್ರತಳಿ ಹಸುಗಳು, ಒಂದರ ಮೇಲೆ ಸಾಲ ಇನ್ನೂ ಇದೆ. ಹಳೆಯ ಹಸುವಿಗೆ ಮೂರು ಸಲ ಕೃತಕ ಗರ್ಭಧಾರಣೆ ಮಾಡಿಸಿದ್ದರೂ ಗಬ್ಬ ನಿಂತಿಲ್ಲ. ಇನ್ನೊಂದು ಕರು ಹಾಕಿ ಎರಡು ತಿಂಗಳಾಗಿದೆ, 12 ಲೀಟರ್ ಕೊಡುತ್ತದೆ. ಆದರೆ ಡೈರಿಯಲ್ಲಿ ಎಸ್‌ಎನ್‌ಎಫ್ 8.5 ಮುಟ್ಟುತ್ತಿಲ್ಲ, ದರ ಕಡಿತವಾಗುತ್ತಿದೆ. ‘ಪಕ್ಕದವರ ಹಸು ಒಂದೇ ಸಲಕ್ಕೆ ನಿಲ್ತದೆ, ನಂದು ನಿಲ್ಲಲ್ಲ ಅಂದ್ರೆ ಏನರ್ಥ?’ ಎಂದರು.

ಈ ಮಾತನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಹಾಗಾಗಿ ಆ ದಿನ ನಾವಿಬ್ಬರೂ ಕೊಟ್ಟಿಗೆಯಲ್ಲಿ ಕುಳಿತು ಮಾಡಿದ ಲೆಕ್ಕವನ್ನು ನಿಮ್ಮ ಮುಂದೆಯೂ ಇಡುತ್ತೇನೆ.

ಮೊದಲು ಗಬ್ಬದ ವಿಷಯ. ಹಸುವೂ ಆರೋಗ್ಯವಾಗಿದ್ದು, ಸಮಯವೂ ಸರಿಯಿದ್ದರೂ ಒಂದು ಸಲದ ಗರ್ಭಧಾರಣೆಗೆ ನಿಲ್ಲುವುದು ಹೆಚ್ಚೆಂದರೆ ಅರ್ಧದಷ್ಟು. ಅರ್ಧ ಎಂದೇ ಹಿಡಿಯೋಣ. ಊರಲ್ಲಿ 8 ಹಸು ಬೆದೆಗೆ ಬಂದರೆ ಮೊದಲ ಸಲ 4, ಎರಡನೇ ಸಲ 2, ಮೂರನೇ ಸಲ 1 ಗಬ್ಬವಾಗುತ್ತವೆ. ಉಳಿದ ಒಂದು ಹಸು ಯಾರದಾದರೂ ಕೊಟ್ಟಿಗೆಯಲ್ಲಿ ಇರಲೇಬೇಕಲ್ಲ? ಅದು ನಿಮ್ಮದಾಗಿದ್ದರೆ ಅದಕ್ಕೆ ಕೈಗುಣದ ಹೆಸರು ಕೊಡಬೇಡಿ. ಆದರೆ ಸುಮ್ಮನೆ ನಾಲ್ಕನೇ ಸಲಕ್ಕೂ ಹೋಗಬೇಡಿ. ಮೂರು ಸಲ ತಪ್ಪಿದ ಹಸುವಿನ ಗರ್ಭಕೋಶವನ್ನು ವೈದ್ಯರಿಂದ ಪರೀಕ್ಷೆ ಮಾಡಿಸಿ.

ಪರೀಕ್ಷೆ ಮಾಡಿದೆ, ದೋಷ ಕಾಣಲಿಲ್ಲ. ಬೆದೆ ಯಾವಾಗ ಕಂಡಿತು ಎಂದು ಕೇಳಿದೆ. ‘ಬೆಳಿಗ್ಗೆ ಹಾಲು ಕರೆಯೋಕೆ ಹೋದಾಗ, ಸಾಯಂಕಾಲಕ್ಕೆ ಮಾಡಿಸಿದ್ವಿ’ ಎಂದರು. ನಿಯಮ ಸರಿಯೇ ಇದೆ: ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಮಗ, ‘ಅದು ಹಿಂದಿನ ಸಾಯಂಕಾಲದಿಂದಲೇ ಕೂಗ್ತಿತ್ತಲ್ಲಮ್ಮ’ ಎಂದ. ಹಸು ಕಟ್ಟುವುದು ಅವನು, ಕರೆಯುವುದು ಅವರು. ಒಬ್ಬರು ಕಂಡದ್ದು ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಬೆದೆ ಶುರುವಾಗಿ ಒಂದು ದಿನವೇ ಕಳೆದ ಮೇಲೆ ಗರ್ಭಧಾರಣೆಯಾಗುತ್ತಿತ್ತು.

ಇನ್ನು ಎಸ್‌ಎನ್‌ಎಫ್. ಎರಡೂ ಹಸುಗಳ ಹಾಲು ಒಂದೇ ಕ್ಯಾನಿನಲ್ಲಿ ಹೋಗುತ್ತಿದ್ದರಿಂದ ಯಾವುದರದು ಕಡಿಮೆ ಎಂದು ಗೊತ್ತಿರಲಿಲ್ಲ. ಮರುದಿನ ಬೇರೆ ಬೇರೆ ತಂದು ಪರೀಕ್ಷೆ ಮಾಡಿಸಿದರು. ಹಳೆಯದು 8.6, ಹೊಸದಾಗಿ ಕರು ಹಾಕಿದ್ದು 8.2. ಕೆಚ್ಚಲು ಬಾವಿನ ಪರೀಕ್ಷೆಯಲ್ಲಿ ನಾಲ್ಕೂ ಮೊಲೆ ಚೊಕ್ಕಟ. ಹಾಗಾದರೆ ಮೇವು ನೋಡಬೇಕು. ದೇಹ ಪೋಷಣೆಗೆ ಒಂದೂವರೆಯಿಂದ ಎರಡು ಕೆಜಿ, ಜೊತೆಗೆ ಲೀಟರ್ ಹಾಲಿಗೆ 400 ಗ್ರಾಂ ಎಂದರೆ 12 ಲೀಟರಿಗೆ ಸುಮಾರು ಆರೂವರೆ ಕೆಜಿ ಪಶು ಆಹಾರ ಬೇಕು. ಒಳ್ಳೆಯ ಹಸಿರು ಮೇವಿದ್ದರೆ ಸ್ವಲ್ಪ ಕಡಿಮೆಯೂ ಸಾಕು. ಅವರು ಹಾಕುತ್ತಿದ್ದುದು ಮೂರು ಕೆಜಿ ಮತ್ತು ರಾಗಿ ಹುಲ್ಲು.

ಯಾಕಮ್ಮಾ ಎಂದು ಕೇಳಿದೆ. ‘ಹೆಂಗಿದ್ರೂ ಮಾರೋ ಹಸ, ದುಡ್ಡು ಯಾಕೆ ಸುರೀಬೇಕು ಅಂತ.’

ನನಗೆ ಆ ದಿನದ ಎಲ್ಲ ಮಾತಿಗಿಂತ ಇದೇ ದೊಡ್ಡದಾಗಿ ಕಂಡಿತು. ಬಟವಾಡೆ ಇಳಿದಾಗ ತಮ್ಮ ಮೇಲೆ ಅನುಮಾನ ಬಂತು, ಅನುಮಾನದಿಂದ ಹಿಂಡಿ ಕಡಿಮೆಯಾಯಿತು, ಎಸ್‌ಎನ್‌ಎಫ್ ಇನ್ನೂ ಇಳಿಯಿತು. ಆಮೇಲೆ ‘ನೋಡಿ, ನಾನು ಹೇಳಲಿಲ್ವಾ’ ಎನ್ನಲು ಸಾಕ್ಷಿಯೂ ಸಿಕ್ಕಿತು. ಆ ಸಾಕ್ಷಿಯನ್ನು ಅವರೇ ತಯಾರಿಸಿದ್ದು ಅವರಿಗೆ ಕಾಣಲಿಲ್ಲ.

ನಾನೂ ಇದರಿಂದ ತಪ್ಪಿಸಿಕೊಂಡವನಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಹಾಲು ಜ್ವರದಿಂದ ಮಲಗಿದ್ದ ಹಸುವೊಂದು ನನ್ನ ಕೈಯಲ್ಲೇ ಸತ್ತಿತು. ಮುಂದೆ ಕೆಲವು ತಿಂಗಳು ಕ್ಯಾಲ್ಸಿಯಂ ಬಾಟಲಿ ಹಿಡಿದರೆ ಕೈ ನಡುಗುತ್ತಿತ್ತು. ಹಿರಿಯ ವೈದ್ಯರೊಬ್ಬರು ನಡೆದದ್ದನ್ನೆಲ್ಲ ಗಂಟೆ ಸಮೇತ ಬರೆಸಿದರು. ಬರೆದಾಗ ಕಂಡಿತು: ಹಸು ಮಲಗಿದ್ದು ಹಿಂದಿನ ಮಧ್ಯಾಹ್ನ, ನನಗೆ ಕರೆ ಬಂದದ್ದು ಮರುದಿನ ಬೆಳಿಗ್ಗೆ. ನನ್ನ ತಪ್ಪೂ ಒಂದಿತ್ತು, ಬಾಟಲಿಯನ್ನು ಅವಸರದಲ್ಲಿ ಏರಿಸಿದ್ದೆ. ಅದನ್ನು ತಿದ್ದಿಕೊಂಡೆ.

ಈಗ ಆ ಮನೆಯ ಕೊಟ್ಟಿಗೆಯ ಗೋಡೆಗೆ ಒಂದು ಕ್ಯಾಲೆಂಡರ್, ದಾರದಲ್ಲಿ ಕಟ್ಟಿದ ಪೆನ್ನು. ಬೆದೆ ಕಂಡ ದಿನ, ಹೊತ್ತು, ಕಂಡವರು ಯಾರು. ಪ್ರತಿ ಹಸುವಿನ ಹಾಲು ಬೇರೆ ಬೇರೆ. ಹಾಕಿದ ಹಿಂಡಿ ಎಷ್ಟು. ಇಷ್ಟೇ ಬರೆಯುವುದು. ಪಶು ಆಹಾರವನ್ನು ಒಮ್ಮೆಲೇ ಏರಿಸದೆ ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸಿದರು, ದಿನಾ ಖನಿಜ ಮಿಶ್ರಣವನ್ನೂ ಕೊಟ್ಟರು. ಮೂರು ವಾರಕ್ಕೆ ಎಸ್‌ಎನ್‌ಎಫ್ 8.5 ಆಯಿತು.

ಹಸು ಮಾರಲೇಬಾರದು ಎಂದು ನಾನು ಹೇಳುತ್ತಿಲ್ಲ. ಎರಡು–ಮೂರು ತಿಂಗಳ ಬರಹ ನೋಡಿದ ಮೇಲೂ ಖರ್ಚೇ ಹೆಚ್ಚೆಂದು ಕಂಡರೆ ಮಾರಿ, ಅದು ವ್ಯವಹಾರ. ಕೆಟ್ಟ ಬಟವಾಡೆಯ ಮರುದಿನ ಮಾತ್ರ ದಲ್ಲಾಳಿಗೆ ಫೋನ್ ಮಾಡಬೇಡಿ, ಅವನಿಗೂ ನಿಮ್ಮ ದನಿಯಲ್ಲೇ ಬೆಲೆ ತಿಳಿಯುತ್ತದೆ.

ಹಳೆಯ ಹಸುವಿಗೆ ಈ ಸಲ ಸಂಜೆ ಬೆದೆ ಕಂಡು ಮರುದಿನ ಬೆಳಿಗ್ಗೆಯೇ ಗರ್ಭಧಾರಣೆಯಾಗಿದೆ. ಇಂದಿಗೆ 48 ದಿನ, ಮತ್ತೆ ಬೆದೆಗೆ ಬಂದಿಲ್ಲ. ಎರಡು ತಿಂಗಳು ತುಂಬಿದ ಮೇಲೆ ಪರೀಕ್ಷೆಗೆ ಹೋಗುತ್ತೇನೆ. ನಿಂತಿರಲೂಬಹುದು, ಇಲ್ಲದಿರಲೂಬಹುದು, ಎಂಟನೆಯ ಹಸುವಿನ ಲೆಕ್ಕ ಅವರಿಗೀಗ ಬಾಯಿಪಾಠ.